ಈರುಳ್ಳಿ ಸಿಪ್ಪೆಯ ಕೆಂಪು



ಇದು ಸ್ವಲ್ಪ ಉದ್ದದ ಪೋಸ್ಟು, ಬಿಡುವಾದಾಗ ಓದಿ. ವಿಷಯ ಮೊಟ್ಟೆ. ಮೊಟ್ಟೆ ಅಂದ ಕೂಡಲೇ ನಿಮಗೆಲ್ಲ ಶಾಲೆಯ ಬಿಸಿಯೂಟ, ಮಠ, ಬಾಳೆಹಣ್ಣು ನೆನಪಾಗುತ್ತೆ ಅಂತ ಗೊತ್ತು. ಅಲ್ಲಿಗೂ ಬರ್ತೀನಿ. ಆದರೆ ಶುರು ಮಾಡೋದು ದೂರದಿಂದ, ಯೂರೋಪಿನ ರೈತ ಹೆಂಗಸರ ಅಡುಗೆಮನೆಯಿಂದ. ಈಸ್ಟರ್ ಹಬ್ಬಕ್ಕೆ ಅಲ್ಲಿ ಮನೆಮಂದಿಯೆಲ್ಲ ಕೂತು ಮೊಟ್ಟೆಗೆ ಬಣ್ಣ ಹಾಕ್ತಾರಲ್ಲ, ಆ ಬಣ್ಣದ ಚರಿತ್ರೆ ಇದು.

ನಮ್ಮಲ್ಲಿ ಈಸ್ಟರ್ ಮೊಟ್ಟೆ ಅಂದ್ರೆ ಬೆಂಗಳೂರಿನ ಬೇಕರಿಗಳ ಗಾಜಿನ ಹಿಂದೆ ಇಟ್ಟಿರೋ ಸಕ್ಕರೆ ಮೊಟ್ಟೆ, ಚಾಕಲೇಟ್ ಮೊಟ್ಟೆ. ಅದು ಅಂಗಡಿ ಸರಕು, ಈಚೆಗೆ ಬಂದದ್ದು. ಹಳೇದು ಅಂದ್ರೆ ನಿಜವಾದ ಕೋಳಿ ಮೊಟ್ಟೆ ಮತ್ತು ಈರುಳ್ಳಿ ಸಿಪ್ಪೆ. ಹೌದು, ನಾವು ಕಸದ ಬುಟ್ಟಿಗೆ ಎಸೆಯೋ ಒಣ ಸಿಪ್ಪೆ. ರಷ್ಯಾ, ಉಕ್ರೇನ್, ಲಿಥುವೇನಿಯಾ, ಲಾಟ್ವಿಯಾ, ಬಲ್ಗೇರಿಯಾ, ಇಂಗ್ಲೆಂಡಿನ ಉತ್ತರ ಭಾಗ, ಅಮೆರಿಕಕ್ಕೆ ವಲಸೆ ಹೋಗಿ ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ರೈತರು, ಎಲ್ಲರ ಮನೆಯಲ್ಲೂ ಇದೇ ಬಣ್ಣ. ಹಬ್ಬಕ್ಕೆ ಎಷ್ಟೋ ದಿನ ಮುಂಚೆಯಿಂದಲೇ ಸಿಪ್ಪೆ ಕೂಡಿಡ್ತಾ ಬರ್ತಾರೆ. ಹಬ್ಬ ಹತ್ತಿರ ಬಂದಾಗ ನೀರಿಗೆ ಹಾಕಿ ಅರ್ಧ ಗಂಟೆ ಕುದಿಸ್ತಾರೆ. ನೀರು ರಕ್ತಗೆಂಪಿಗೆ ತಿರುಗುತ್ತೆ. ಅದರಲ್ಲಿ ಮೊಟ್ಟೆ ಬೇಯಿಸಿದರೆ ಸಿಪ್ಪೆಯೊಳಗಿನ ಕ್ವೆರ್ಸೆಟಿನ್ ಅನ್ನೋ ಬಣ್ಣದ ಅಂಶ ಚಿಪ್ಪಿಗೆ ಹತ್ತಿಕೊಳ್ಳುತ್ತೆ. ಸಿಪ್ಪೆ ಜಾಸ್ತಿ ಇದ್ದರೆ ಇಟ್ಟಿಗೆಯ ಕೆಂಪು, ಕಮ್ಮಿ ಇದ್ದರೆ ಜೇನಿನ ಬಣ್ಣ.

ಲಿಥುವೇನಿಯಾ, ಲಾಟ್ವಿಯಾ ಕಡೆ ಇನ್ನೂ ಒಂದು ಚಂದದ ಕೆಲಸ ಮಾಡ್ತಾರೆ. ಮೊಟ್ಟೆಯ ಮೇಲೆ ಒಂದು ಪುಟ್ಟ ಎಲೆ ಇಟ್ಟು, ಅದರ ಸುತ್ತ ಈರುಳ್ಳಿ ಸಿಪ್ಪೆ ಹೊದಿಸಿ, ಬಟ್ಟೆ ಸುತ್ತಿ ದಾರದಿಂದ ಬಿಗಿಯಾಗಿ ಕಟ್ಟಿ ಬೇಯಿಸ್ತಾರೆ. ಬಿಚ್ಚಿದಾಗ ಕೆಂಪು ಮೊಟ್ಟೆಯ ಮೇಲೆ ಎಲೆಯ ನರನರವೂ ತೆಳ್ಳಗೆ ಮೂಡಿರುತ್ತೆ. ಕಟ್ಟೋದು ದೊಡ್ಡವರು, ಬಿಚ್ಚೋಕೆ ಮಕ್ಕಳಲ್ಲೇ ಜಗಳ. ಗ್ರೀಸಿನಲ್ಲಿ ಹಬ್ಬಕ್ಕೆ ಮುಂಚಿನ ಗುರುವಾರವೇ ಬಣ್ಣ ಹಾಕೋ ದಿನ, ಬಣ್ಣ ಕೆಂಪೇ ಆಗಬೇಕು. ಹಬ್ಬದ ದಿನ ಇಬ್ಬಿಬ್ಬರು ಮೊಟ್ಟೆಗೆ ಮೊಟ್ಟೆ ಕುಟ್ಟಿ ಯಾರದ್ದು ಒಡೆಯಲ್ಲ ಅಂತ ಪಂದ್ಯ. ಬಲ್ಗೇರಿಯಾದಲ್ಲಿ ಬಣ್ಣದಿಂದ ಮೊದಲು ತೆಗೆದ ಕೆಂಪು ಮೊಟ್ಟೆಯನ್ನ ಅಜ್ಜಿ ಮೊಮ್ಮಕ್ಕಳ ಕೆನ್ನೆಗೆ ಸವರ್ತಾಳೆ, ವರ್ಷವಿಡೀ ಗಟ್ಟಿಮುಟ್ಟಾಗಿರಲಿ ಅಂತ.

ಇದು ಕ್ರೈಸ್ತರದ್ದಷ್ಟೇ ಅಲ್ಲ. ಸ್ಪೇನಿನಿಂದ ಓಡಿಸಲ್ಪಟ್ಟ ಯಹೂದಿಗಳ ವಂಶದವರು ಮೊಟ್ಟೆಯನ್ನ ಈರುಳ್ಳಿ ಸಿಪ್ಪೆ ಜೊತೆ ರಾತ್ರಿಯಿಡೀ ಸಣ್ಣ ಉರಿಯಲ್ಲಿಟ್ಟು ಕಂದು ಬಣ್ಣ ಬರಿಸಿ ತಮ್ಮ ಸಬ್ಬತ್ ದಿನ ತಿಂತಾರೆ. ಇರಾನಿನಲ್ಲಿ ಮಾರ್ಚ್ ತಿಂಗಳ ನೌರೋಜ್ ಹಬ್ಬದ ಮೇಜಿನ ಮೇಲೂ ಬಣ್ಣದ ಮೊಟ್ಟೆ ಇಡ್ತಾರೆ. ಈಸ್ಟರ್ ಅನ್ನೋದೇ ಒಬ್ಬ ಹಳೇ ದೇವತೆಯ ಹೆಸರು, ಮೊಟ್ಟೆ ಅವಳದ್ದೇ ಅಂತ ವಾಟ್ಸಾಪಿನಲ್ಲಿ ಪ್ರತಿ ವರ್ಷ ಬರುತ್ತೆ. ಎಂಟನೇ ಶತಮಾನದ ಬೀಡ್ ಅನ್ನೋ ಇಂಗ್ಲೆಂಡಿನ ಸನ್ಯಾಸಿ ಆ ದೇವತೆಯ ಹೆಸರಲ್ಲಿ ಒಂದು ತಿಂಗಳು ಇತ್ತು ಅಂತ ಬರೆದದ್ದು ನಿಜ. ಅಲ್ಲಿ ಮೊಟ್ಟೆಯ ಸುದ್ದಿ ಇಲ್ಲ. ಪುರಾಣಕ್ಕೆ ಪುರಾವೆ ಕೇಳೋ ನಾವು ಇದಕ್ಕೂ ಕೇಳಬೇಕಲ್ವಾ.

ಈಗ ಒಂದು ನಿಮಿಷ ನಮ್ಮ ಕಡೆ ತಿರುಗಿ. ಮನುಸ್ಮೃತಿಯ ಐದನೇ ಅಧ್ಯಾಯದ 19ನೇ ಶ್ಲೋಕ. ದ್ವಿಜ ಅನ್ನಿಸಿಕೊಂಡವನು ಗೊತ್ತಿದ್ದೂ ತಿಂದರೆ ಜಾತಿಯಿಂದ ಬಿದ್ದುಹೋಗೋ ಪದಾರ್ಥಗಳ ಪಟ್ಟಿ ಅದು. ಅಣಬೆ, ಊರ ಹಂದಿ, ಬೆಳ್ಳುಳ್ಳಿ, ಊರ ಕೋಳಿ, ಈರುಳ್ಳಿ. ನೋಡಿದ್ರಾ? ಕೋಳಿ ಮತ್ತು ಈರುಳ್ಳಿ ಒಂದೇ ಶ್ಲೋಕದಲ್ಲಿ ಅಕ್ಕಪಕ್ಕ ಕೂತಿವೆ. ಒಂದು ಸೀಮೆಯ ಬಡವರು ಅವೆರಡನ್ನೇ ಒಂದು ಪಾತ್ರೆಗೆ ಹಾಕಿ ಕುದಿಸಿ ವರ್ಷದ ಅತಿ ಪವಿತ್ರ ದಿನದ ತಿನಿಸು ಮಾಡಿಕೊಂಡರು. ಇನ್ನೊಂದು ಸೀಮೆಯ ಪಂಡಿತರು ಅವೆರಡನ್ನೇ ಒಂದು ಶ್ಲೋಕಕ್ಕೆ ಹಾಕಿ ಮೈಲಿಗೆಯ ಗಡಿ ಎಳೆದರು. ಬಾಬಾಸಾಹೇಬರ ನೇತೃತ್ವದಲ್ಲಿ ಮಹಾಡದಲ್ಲಿ ಸುಟ್ಟದ್ದು ಇದೇ ಪುಸ್ತಕ, 1927ರ ಡಿಸೆಂಬರ್ 25ರಂದು.

ಹಾಗಂತ ಯೂರೋಪಿನ ಚರ್ಚು ಬಹಳ ಉದಾರಿ ಇತ್ತು ಅಂತ ನಾನು ಹೇಳ್ತಿಲ್ಲ. ಅಲ್ಲೂ ಮೊಟ್ಟೆಗೆ ನಿಷೇಧ ಇತ್ತು. ಬಣ್ಣದ ಮೊಟ್ಟೆ ಹಬ್ಬ ಬಲಿತದ್ದೇ ಆ ನಿಷೇಧದ ಹೊಟ್ಟೆಯಲ್ಲಿ.

ಮಧ್ಯಯುಗದಲ್ಲಿ ಈಸ್ಟರ್‌ಗೆ ಮುಂಚಿನ 40 ದಿನದ ಉಪವಾಸ ಕಾಲದಲ್ಲಿ ಮಾಂಸ ಮಾತ್ರ ಅಲ್ಲ, ಹಾಲು, ಬೆಣ್ಣೆ, ಮೊಟ್ಟೆ ಕೂಡ ತಿನ್ನೋ ಹಾಗಿರಲಿಲ್ಲ. ಚರ್ಚು ಹೇಳಿದ್ದು ಜನಕ್ಕೆ ಗೊತ್ತು, ಕೋಳಿಗೆ ಗೊತ್ತಿಲ್ಲ! ಚಳಿದೇಶದ ಕೋಳಿ ಹಗಲು ಮೊಟಕಾದ ಚಳಿಗಾಲದಲ್ಲಿ ಮೊಟ್ಟೆ ಇಡೋದು ಬಹಳ ಕಮ್ಮಿ. ಹಗಲು ಉದ್ದ ಆಗ್ತಾ ಬಂದ ಹಾಗೆ ಇಡೋಕೆ ಶುರು ಮಾಡುತ್ತೆ. ಸರಿಯಾಗಿ ಅದೇ ಹೊತ್ತಿಗೆ ಉಪವಾಸ. ಬುಟ್ಟಿ ಬುಟ್ಟಿ ಮೊಟ್ಟೆ ಮನೆಯಲ್ಲಿ, ತಿನ್ನೋ ಹಾಗಿಲ್ಲ. ಮಕ್ಕಳು ದಿನಾ ನೋಡ್ತಾ ಇರ್ತಾವೆ. 40 ದಿನ ಕಳೆದು ಹಬ್ಬ ಬಂದ ಬೆಳಿಗ್ಗೆ ಆ ಮೊಟ್ಟೆಗೆ ಇರೋ ಬೆಲೆ ಎಷ್ಟಿರಬೇಕು, ಊಹಿಸಿಕೊಳ್ಳಿ. ಅದಕ್ಕೆ ಬಣ್ಣ ಹಾಕಿದರು. ಕೆಂಪು ಯೇಸುವಿನ ರಕ್ತ ಅಂತ ಪಾದ್ರಿಗಳು ಅರ್ಥ ಹೇಳಿದರು, ಮಗ್ದಲದ ಮರಿಯ ರೋಮ್ ಚಕ್ರವರ್ತಿಯ ಮುಂದೆ ಹಿಡಿದ ಮೊಟ್ಟೆ ಕೆಂಪಾಯ್ತು ಅಂತ ಕಥೆಯೂ ಹುಟ್ಟಿತು. ಈರುಳ್ಳಿ ಸಿಪ್ಪೆಯಲ್ಲಿ ಪುಕ್ಕಟೆ ಸಿಗೋ ಬಣ್ಣವೂ ಕೆಂಪೇ ಅನ್ನೋದನ್ನ ನಾನು ಸೇರಿಸ್ತೀನಿ.

ಉಪವಾಸದಲ್ಲೂ ಉಳ್ಳವರಿಗೆ ಕಿಂಡಿ ಇತ್ತು. ದುಡ್ಡು ಕೊಟ್ಟರೆ ಬೆಣ್ಣೆ ತಿನ್ನೋಕೆ ಚರ್ಚಿನಿಂದ ಅಪ್ಪಣೆ ಸಿಗ್ತಿತ್ತು. ಫ್ರಾನ್ಸಿನ ರುಆನ್ ಊರಿನ ದೊಡ್ಡ ಚರ್ಚಿನ ಒಂದು ಗೋಪುರಕ್ಕೆ ಇವತ್ತಿಗೂ ಬೆಣ್ಣೆ ಗೋಪುರ ಅಂತಲೇ ಹೆಸರು, ಆ ದುಡ್ಡಲ್ಲಿ ಕಟ್ಟಿದ್ದು ಅಂತ. ಹುಂಡಿ ಎಲ್ಲಿ ಹೋದರೂ ಹುಂಡಿಯೇ.

ಇನ್ನೊಂದು ವಿಷಯ, ನಮಗೆ ಮುಖ್ಯವಾದದ್ದು. ಮೊಟ್ಟೆ ಅನ್ನೋದು ಗೇಣಿಯೂ ಆಗಿತ್ತು. ಇಂಗ್ಲೆಂಡ್, ಜರ್ಮನಿಗಳ ಜಮೀನ್ದಾರರಿಗೆ ಒಕ್ಕಲುಗಳು ದುಡಿಮೆ, ಧಾನ್ಯದ ಜೊತೆ ಕ್ರಿಸ್‌ಮಸ್‌ಗೆ ಕೋಳಿ, ಈಸ್ಟರ್‌ಗೆ ಮೊಟ್ಟೆ ಕೊಡಬೇಕಿತ್ತು. ಇಷ್ಟು ಜಮೀನಿಗೆ ಇಷ್ಟು ಮೊಟ್ಟೆ ಅಂತ ಲೆಕ್ಕದ ಪುಸ್ತಕದಲ್ಲಿ ಬರೆದಿಡ್ತಿದ್ದರು. ನಾನೂ ದಿನಾ ಲೆಡ್ಜರ್ ಬರೆಯೋ ಗುಮಾಸ್ತ ಆದ್ದರಿಂದ ಇಂಥ ಲೆಕ್ಕ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತೆ. ಅಂಥದೊಂದು ಲೆಕ್ಕ ಬಹಳ ಪ್ರಸಿದ್ಧ. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡನ ಅರಮನೆ ಖರ್ಚಿನಲ್ಲಿ 450 ಮೊಟ್ಟೆಗೆ 18 ಪೆನ್ಸ್ ಅಂತ ದಾಖಲಾಗಿದೆ. ಅವಕ್ಕೆ ಬಣ್ಣ ಹಾಕಿ, ಕೆಲವಕ್ಕೆ ಚಿನ್ನದ ತಗಡು ಅಂಟಿಸಿ ಈಸ್ಟರ್‌ಗೆ ಅರಮನೆಯವರಿಗೆ ಹಂಚಿದರು. ಒಂದು ಪೆನ್ನಿಗೆ 25 ಮೊಟ್ಟೆ ಆಯ್ತು. ಚಿನ್ನ ಹಚ್ಚಿದ ದೊರೆಯ ಹೆಸರು ಇದೆ, ಮೊಟ್ಟೆ ಕೊಟ್ಟ ಕೋಳಿ ಸಾಕಿದವಳ ಹೆಸರು ಇಲ್ಲ. ಲೆಡ್ಜರಿನ ಗುಣವೇ ಅದು.

ಇಷ್ಟೆಲ್ಲ ಇದ್ದರೂ ಒಂದು ವ್ಯತ್ಯಾಸ ಉಳಿಯುತ್ತೆ. ಅಲ್ಲಿನ ನಿಷೇಧಕ್ಕೆ ಕೊನೇ ದಿನ ಇತ್ತು. 41ನೇ ಬೆಳಿಗ್ಗೆ ಅದೇ ಮೊಟ್ಟೆಯನ್ನ ಬುಟ್ಟಿಯಲ್ಲಿಟ್ಟುಕೊಂಡು ಅದೇ ಚರ್ಚಿಗೆ ಹೋದರೆ ಪಾದ್ರಿ ಅದಕ್ಕೆ ತೀರ್ಥ ಚಿಮುಕಿಸಿ ಆಶೀರ್ವಾದ ಮಾಡಬೇಕಿತ್ತು. 1614ರಲ್ಲಿ ರೋಮಿನ ಚರ್ಚು ಹೊರಡಿಸಿದ ವಿಧಿಗಳ ಪುಸ್ತಕದಲ್ಲಿ ಮೊಟ್ಟೆಗೆ ಅಂತಲೇ ಬೇರೆ ಆಶೀರ್ವಾದದ ಪ್ರಾರ್ಥನೆ ಇದೆ. ಪೋಲೆಂಡಿನಲ್ಲಿ ಈಗಲೂ ಹಬ್ಬದ ಹಿಂದಿನ ಶನಿವಾರ ಬುಟ್ಟಿ ಹಿಡಿದು ಸಾಲು ನಿಲ್ತಾರೆ. ಅಲ್ಲಿ ಮೊಟ್ಟೆಯನ್ನ ಕಾಲ ತಡೆದಿತ್ತು. ಇಲ್ಲಿ ತಡೆದದ್ದು ಹುಟ್ಟು. 40 ದಿನ ಮುಗೀತವೆ. ಹುಟ್ಟು ಎಲ್ಲಿ ಮುಗಿಯುತ್ತೆ ಹೇಳಿ.

ಬಣ್ಣಕ್ಕೆ ವಾಪಸ್ ಬರೋಣ. ಉಕ್ರೇನಿನಲ್ಲಿ ಎರಡು ಥರ. ಒಂದೇ ಬಣ್ಣದಲ್ಲಿ ಅದ್ದಿ ತಿನ್ನೋದಕ್ಕೆ ಮಾಡಿದ್ದು ಕ್ರಾಶಂಕಾ. ತಿನ್ನೋಕಲ್ಲದೆ ಚಿತ್ರ ಬರೆದು ಇಡೋದು ಪಿಸಂಕಾ. ಈ ಎರಡನೇ ಹೆಸರು ಬರೆಯೋದು ಅನ್ನೋ ಕ್ರಿಯಾಪದದಿಂದ ಬಂದದ್ದು. ಹಸಿ ಮೊಟ್ಟೆಯ ಮೇಲೆ ಕಾದ ಜೇನುಮೇಣದಲ್ಲಿ ಗೆರೆ ಎಳೆದು ಹಳದಿಯಲ್ಲಿ ಅದ್ದೋದು, ಮತ್ತೆ ಮೇಣ, ಆಮೇಲೆ ಕೆಂಪು, ಮತ್ತೆ ಮೇಣ, ಕೊನೆಗೆ ಕಪ್ಪು. ದೀಪದ ಹತ್ತಿರ ಹಿಡಿದು ಮೇಣ ಒರೆಸಿದಾಗ ಬಣ್ಣಗಳೆಲ್ಲ ಒಟ್ಟಿಗೆ ಎದ್ದು ಬರ್ತವೆ. ನಮ್ಮ ಬಾಟಿಕ್ ಬಟ್ಟೆಯ ಲೆಕ್ಕವೇ. ಈರುಳ್ಳಿ ಸಿಪ್ಪೆ, ಸೂರ್ಯಕಾಂತಿ ಬೀಜದ ಹೊಟ್ಟು, ಅಕ್ರೋಟಿನ ಹಸಿ ಸಿಪ್ಪೆ, ಮರದ ತೊಗಟೆ, ಬಣ್ಣ ಎಲ್ಲಾ ಕಸದಿಂದಲೇ. ಅಕ್ಷರ ಬಾರದ ಹೆಂಗಸರು ಇದನ್ನ ಬರೆಯೋದು ಅಂತ ಕರೆದರು, ನನಗೆ ಆ ಮಾತು ಬಹಳ ಇಷ್ಟ. ಸೋವಿಯತ್ ಕಾಲದಲ್ಲಿ ಧರ್ಮದ ಕುರುಹು ಅಂತ ಇದನ್ನ ಅದುಮಿದರು. ದೇಶ ಬಿಟ್ಟು ಹೋದವರು ಕೆನಡಾದಲ್ಲಿ ಉಳಿಸಿಕೊಂಡರು. 2024ರ ಡಿಸೆಂಬರಿನಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು.

ಅಲ್ಲಿಯ ಒಂದು ಹಳ್ಳಿ ನಂಬಿಕೆ ಹೇಳ್ತೀನಿ, ನಗಬೇಡಿ. ಹಬ್ಬದ ಮೊಟ್ಟೆ ತಿಂದಾದ ಮೇಲೆ ಚಿಪ್ಪನ್ನ ಹೊಳೆಗೆ ಬಿಡ್ತಿದ್ದರು. ದೂರದಲ್ಲೆಲ್ಲೋ ರಹ್ಮಾನರು ಅನ್ನೋ ಪುಣ್ಯವಂತ ಜನ ಇದ್ದಾರೆ, ಅವರಿಗೆ ಕಾಲದ ಲೆಕ್ಕ ಗೊತ್ತಿಲ್ಲ, ಚಿಪ್ಪು ತೇಲಿ ಬಂದಾಗಲೇ ಹಬ್ಬ ಬಂತು ಅಂತ ಅವರಿಗೆ ತಿಳಿಯೋದು ಅಂತ ನಂಬಿಕೆ. ಈ ರಹ್ಮಾನರು ಯಾರು? ಅಲೆಕ್ಸಾಂಡರನ ದಂಡಯಾತ್ರೆಯ ಕಥೆಗಳಲ್ಲಿ ಬರೋ ಭಾರತದ ಬ್ರಾಹ್ಮಣರೇ, ಬಾಯಿಂದ ಬಾಯಿಗೆ ಹೋಗಿ ರಹ್ಮಾನರಾದರು ಅಂತ ವಿದ್ವಾಂಸರು ಹೇಳ್ತಾರೆ. ಉಕ್ರೇನಿನ ರೈತರು ಪಾಪ, ನೂರಾರು ವರ್ಷ ಬ್ರಾಹ್ಮಣರಿಗೆ ಅಂತ ಮೊಟ್ಟೆ ಚಿಪ್ಪು ತೇಲಿಬಿಟ್ಟರು!

ನೈಸರ್ಗಿಕ ಬಣ್ಣ ಅಂದರೆ ಎಲ್ಲವೂ ಮುದ್ದು ಅಂತಲೂ ಅಂದುಕೊಳ್ಳಬೇಡಿ. ಪೋಲೆಂಡ್, ಉಕ್ರೇನಿನ ಮರಳು ನೆಲದಲ್ಲಿ ಒಂದು ಪುಟ್ಟ ಗಿಡದ ಬೇರಿಗೆ ಅಂಟಿ ಬದುಕೋ ಕೆಂಪು ಹುಳು ಇದೆ. ಜೂನ್ ಕೊನೇ ವಾರದಲ್ಲಿ ಜೀತದ ರೈತರು ನೆಲಕ್ಕೆ ಬಗ್ಗಿ ಗಿಡ ಕಿತ್ತು, ಬೇರಿನಿಂದ ಹುಳು ಬಿಡಿಸಿಕೊಂಡು, ಗಿಡವನ್ನ ಮತ್ತೆ ನೆಟ್ಟು ಮುಂದೆ ಹೋಗಬೇಕಿತ್ತು. ಆ ಹುಳುವನ್ನ ಒಡೆಯರಿಗೆ, ಮಠಗಳಿಗೆ ಕಂದಾಯವಾಗಿ ಕೊಡ್ತಿದ್ದರು. ಅದರಿಂದ ಶ್ರೀಮಂತರ ರೇಷ್ಮೆ ಕೆಂಪಾಯ್ತು. ಆ ಹುಳುವಿನಿಂದಲೇ ಪೋಲಿಷ್ ಮತ್ತು ಉಕ್ರೇನಿಯನ್ ಭಾಷೆಗಳಲ್ಲಿ ಕೆಂಪು ಅನ್ನೋ ಪದ ಬಂದದ್ದು, ಜೂನ್ ತಿಂಗಳ ಹೆಸರು ಬಂದದ್ದೂ. ಒಂದು ತಿಂಗಳಿಗೇ ಬಿಟ್ಟಿ ದುಡಿಮೆಯ ಹೆಸರು. ಹುಳುವಿನ ಕೆಂಪು ಒಡೆಯನ ಮೈಮೇಲೆ, ಈರುಳ್ಳಿ ಸಿಪ್ಪೆಯ ಕೆಂಪು ರೈತನ ಮಗುವಿನ ಕೈಯಲ್ಲಿ. ನಮ್ಮ ದೇಶದ ನೀಲಿಯ ಕಥೆ ನಿಮಗೆ ಗೊತ್ತೇ ಇದೆ. 1859ರಲ್ಲಿ ಬಂಗಾಳದ ರೈತರು ನೀಲಿ ಬೆಳೆಯಲ್ಲ ಅಂತ ದಂಗೆ ಎದ್ದರು, 1917ರಲ್ಲಿ ಚಂಪಾರಣ್ಯ. ಆ ನೀಲಿಯೂ ನೈಸರ್ಗಿಕವೇ ಆಗಿತ್ತು.

ಆಮೇಲಿನದನ್ನ ಬೇಗ ಹೇಳಿಬಿಡ್ತೀನಿ. 1856ರಲ್ಲಿ ಲಂಡನ್ನಿನ ಪರ್ಕಿನ್ ಅನ್ನೋ 18 ವರ್ಷದ ಹುಡುಗ ಡಾಂಬರಿನಿಂದ ಬಣ್ಣ ತೆಗೆದ. ಕೆಲವು ದಶಕಗಳಲ್ಲಿ ಬಹುಪಾಲು ಬಣ್ಣ ಕಾರ್ಖಾನೆಯದ್ದಾಯ್ತು. 1880ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿಯ ಔಷಧಿ ಅಂಗಡಿಯವನೊಬ್ಬ ಮೊಟ್ಟೆಗೆ ಅಂತಲೇ ಬಣ್ಣದ ಪೊಟ್ಟಣ 5 ಸೆಂಟಿಗೆ ಮಾರೋಕೆ ಶುರು ಮಾಡಿದ, ಪಾಸ್ ಅನ್ನೋ ಆ ಕಂಪನಿ ಇನ್ನೂ ಇದೆ. ಅದೇ ಹೊತ್ತಿಗೆ, 1885ರಲ್ಲಿ, ರಷ್ಯಾದ ಚಕ್ರವರ್ತಿ ಹೆಂಡತಿಗೆ ಅಂತ ಫ್ಯಾಬರ್ಜೆ ಹತ್ತಿರ ಚಿನ್ನದ ಮೊಟ್ಟೆ ಮಾಡಿಸಿದ. ಬಿಳಿ ಚಿಪ್ಪು, ಒಳಗೆ ಚಿನ್ನದ ಹಳದಿ, ಅದರೊಳಗೆ ಚಿನ್ನದ ಕೋಳಿ. ಅಂಥ 50 ಮೊಟ್ಟೆ ಆ ಮನೆತನಕ್ಕೆ ತಯಾರಾದವು. ಒಂದನ್ನೂ ತಿನ್ನೋಕಾಗಲ್ಲ.

ಈಗ ಚಕ್ರ ತಿರುಗಿದೆ. ಪೊಟ್ಟಣದ ಬಣ್ಣ ಬೇಡ, ಮಕ್ಕಳ ಜೊತೆ ರಜೆಯಲ್ಲಿ ನೈಸರ್ಗಿಕ ಬಣ್ಣ ಮಾಡಿ ಅಂತ ಉಳ್ಳವರ ಮನೆಗಳಲ್ಲಿ ಅದೇ ಸಿಪ್ಪೆ ಕುದೀತಿದೆ. ಮಾಡಲಿ, ಒಳ್ಳೇದೇ. ಆದರೆ ನಮಗೆ ಈ ದಾರಿ ಪರಿಚಯದ್ದು. ರಾಗಿ ಮುದ್ದೆ ಉಂಡರೆ ಹಳ್ಳಿ ಗಮಾರ ಅಂದವರು ಈಗ ಗಾಜಿನ ಅಂಗಡಿಯಲ್ಲಿ ನವಣೆಗೆ ಕ್ಯೂ ನಿಂತಿದ್ದಾರೆ. ಬಡವರು ಇಲ್ಲದ್ದಕ್ಕೆ ಮಾಡಿಕೊಂಡದ್ದು ಮೂರು ತಲೆಮಾರು ಕಳೆದ ಮೇಲೆ ಆರೋಗ್ಯ ಅನ್ನಿಸಿಕೊಳ್ಳುತ್ತೆ. ಮೊಟ್ಟೆಗೆ ಮಾತ್ರ ಇಲ್ಲಿ ಆ ಯೋಗ ಇನ್ನೂ ಬಂದಿಲ್ಲ. ನಾನು ಕೆಲಸ ಮಾಡೋ ಕಡೆ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ತೆರೆದರೆ ವಾಸನೆ ಅಂತ ಎದ್ದು ಹೋಗ್ತಾರೆ. ಅವರೇ ನಿವೃತ್ತಿ ಸಮಾರಂಭದ ದಿನ ಬೇಕರಿ ಕೇಕನ್ನ ಎರಡೆರಡು ತುಂಡು ತಿಂತಾರೆ. ಕೇಕಿನೊಳಗೆ ಏನಿದೆ ಅಂತ ನಾನು ಕೇಳಿಲ್ಲ, ಮುಂದಿನ ಸಮಾರಂಭಕ್ಕೆ ಕೇಳೋಣ ಅಂತ ಇದ್ದೀನಿ.

2021ರ ಡಿಸೆಂಬರಿನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಸೇರಿ ಏಳು ಜಿಲ್ಲೆಗಳ ಶಾಲೆ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡೋಕೆ ಶುರುವಾಯ್ತು. ಮಕ್ಕಳ ಬೆಳವಣಿಗೆ ಕುಂಠಿತ ಆಗಿದೆ ಅನ್ನೋ ಕಾರಣಕ್ಕೆ ಆ ಜಿಲ್ಲೆಗಳನ್ನ ಆರಿಸಿದ್ದು. ತಿನ್ನದವರಿಗೆ ಬಾಳೆಹಣ್ಣು ಇತ್ತು, ಯಾರ ಬಾಯಿಗೂ ತುರುಕಲಿಲ್ಲ. ಆದರೂ ಕೆಲವು ಮಠಾಧೀಶರು ಬೀದಿಗೆ ಬರ್ತೀವಿ ಅಂದರು. ತಮ್ಮ ತಟ್ಟೆಗೆ ಬೇಡ ಅನ್ನೋದು ಅವರ ಹಕ್ಕು, ಅದನ್ನ ಯಾರೂ ಪ್ರಶ್ನೆ ಮಾಡಲಿಲ್ಲ. ಪಕ್ಕದ ಮಗುವಿನ ತಟ್ಟೆಯಲ್ಲೂ ಇರಬಾರದು ಅನ್ನೋದು ಆ ಹಳೇ ಶ್ಲೋಕ. ಮುಂದಿನ ವರ್ಷ ಇಡೀ ರಾಜ್ಯಕ್ಕೆ ಮೊಟ್ಟೆ ಬಂತು. ಬರೋ ಹಾಗೆ ಮಾಡಿದ್ದರಲ್ಲಿ ಬೀದಿಯಲ್ಲಿ ನಿಂತ ನಿಮ್ಮಲ್ಲಿ ಎಷ್ಟೋ ಜನರ ಪಾಲಿದೆ.

ಏಪ್ರಿಲ್ 14ಕ್ಕೆ ನಮ್ಮ ಮನೆಯಲ್ಲಿ ಮಕ್ಕಳನ್ನ ಕೂರಿಸಿಕೊಂಡು ಇದನ್ನೇ ಮಾಡ್ತೀವಿ. ಈಸ್ಟರ್ ಬರೋದೂ ಹೆಚ್ಚುಕಮ್ಮಿ ಅದೇ ದಿನಗಳಲ್ಲಿ, ನಮ್ಮ ಬೀದಿಯ ಕ್ರೈಸ್ತ ಮನೆಯ ಮಕ್ಕಳೂ ಸೇರ್ತಾರೆ. ಕೆಂಪಿಗೆ ಈರುಳ್ಳಿ ಸಿಪ್ಪೆ, ಹಳದಿಗೆ ಅರಿಶಿನ. ನೀಲಿಗೆ ಏನು ಅಂತೀರಾ? ಕೆಂಪು ಎಲೆಕೋಸು. ಈ ಕೋಸಿನ ರಸ ನೋಡೋಕೆ ನೇರಳೆ, ಆದರೆ ಚಿಪ್ಪಿನ ಸುಣ್ಣದ ಗುಣಕ್ಕೆ ತಾಗಿ ನೀಲಿಯಾಗುತ್ತೆ. ನೀರು ನೇರಳೆ, ಮೊಟ್ಟೆ ನೀಲಿ, ಮಕ್ಕಳಿಗೆ ಅದೇ ಜಾದೂ. ಅಂದಹಾಗೆ ಅದೇ ಮನು ಹತ್ತನೇ ಅಧ್ಯಾಯದಲ್ಲಿ, ಕಷ್ಟಕಾಲದಲ್ಲಿ ವ್ಯಾಪಾರಕ್ಕೆ ಇಳಿದ ಬ್ರಾಹ್ಮಣ ಮಾರಬಾರದ ವಸ್ತುಗಳ ಪಟ್ಟಿಗೆ ನೀಲಿಯನ್ನೂ ಸೇರಿಸಿದ್ದಾನೆ.

ಕೇಳಿದವರಿಗೆ ವಿಧಾನ ಇಲ್ಲಿದೆ. ಹತ್ತು ಹನ್ನೆರಡು ಈರುಳ್ಳಿಯ ಒಣ ಸಿಪ್ಪೆ, ಒಂದು ಲೀಟರ್ ನೀರು, ಅರ್ಧ ಗಂಟೆ ಕುದಿಸಿ ಸೋಸಿ. ಎರಡು ಚಮಚ ವಿನೆಗರ್ ಹಾಕಿ, ಚಿಪ್ಪಿಗೆ ಬಣ್ಣ ಗಟ್ಟಿ ಹಿಡಿಯುತ್ತೆ. ಆರಿದ ಬಣ್ಣದ ನೀರಿಗೆ ಮೊಟ್ಟೆ ಇಟ್ಟು ಆಮೇಲೆ ಬಿಸಿ ಮಾಡಿ, ಕುದಿಯೋ ನೀರಿಗೆ ಹಾಕಿದರೆ ಬಿರಿಯುತ್ತೆ. ಎಲೆ ಅಚ್ಚು ಬೇಕಾದರೆ ಕೊತ್ತಂಬರಿ ಎಲೆ ಇಟ್ಟು ಹಳೇ ಕಾಲುಚೀಲದ ತುಂಡಿನಲ್ಲಿ ಬಿಗಿದು ಕಟ್ಟಿ. ಆರಿದ ಮೇಲೆ ಒಂದು ಹನಿ ಅಡುಗೆ ಎಣ್ಣೆ ಸವರಿದರೆ ಹೊಳೀತವೆ. ಕೋಸಿನದ್ದೂ ಹೀಗೇ, ಆದರೆ ಮೊದಲೇ ಬೇಯಿಸಿದ ಮೊಟ್ಟೆಯನ್ನ ಆರಿದ ರಸದಲ್ಲಿ ಒಂದು ರಾತ್ರಿ ಫ್ರಿಜ್ಜಿನಲ್ಲಿಡಬೇಕು. ಈರುಳ್ಳಿಗೆ ನಾಟಿ ಮೊಟ್ಟೆ ಚೆನ್ನ, ಕೆಂಪು ಗಾಢವಾಗಿ ಬರುತ್ತೆ. ನೀಲಿಗೆ ಮಾತ್ರ ಫಾರಂನ ಬಿಳಿ ಮೊಟ್ಟೆಯೇ ತಗೊಳ್ಳಿ, ಕಂದು ಚಿಪ್ಪಿನ ಮೇಲೆ ಅದು ಹಸಿರಾಗಿಬಿಡುತ್ತೆ.